ಒಂದು ಹಿಮ್ಮಡಿ ಹೊರಗೆ

ಜಲ್ಲಿ ಕ್ವಾರಿಯ ರಸ್ತೆ ಹೆದ್ದಾರಿಗೆ ಬಂದು ಸೇರುವ ಕಡೆ ಒಂದು ವೇಬ್ರಿಡ್ಜ್ ಇತ್ತು. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ಹಲಗೆ. ಲಾರಿ ಅದರ ಮೇಲೆ ಬಂದು ನಿಂತರೆ ಪಕ್ಕದ ಗಾಜಿನ ಕೋಣೆಯಲ್ಲಿ ಕೆಂಪು ಅಂಕಿಗಳು ಒಂದಷ್ಟು ಹೊತ್ತು ಕುಣಿದು, ಸುಮ್ಮನಾಗಿ, ತೂಕ ಹೇಳುತ್ತಿದ್ದವು. ಆ ಅಂಕಿಯನ್ನು ಚೀಟಿಗೆ ಇಳಿಸಿ ಮುದ್ರೆ ಒತ್ತುವ ಹೆಂಗಸನ್ನು ಡ್ರೈವರುಗಳೆಲ್ಲ ತೂಕದಕ್ಕ ಎನ್ನುತ್ತಿದ್ದರು. ವಯಸ್ಸು ಇಪ್ಪತ್ತೆಂಟು. ನೋಟ ಮಾತ್ರ ನಿವೃತ್ತಿಗೆ ಬಂದ ಪೊಲೀಸಿನವನದು.

ಹೆಚ್ಚು ಜಲ್ಲಿ ತುಂಬಿಕೊಂಡು ಕಡಿಮೆ ತೂಕ ತೋರಿಸಲು ಡ್ರೈವರುಗಳು ಮಾಡದ ಕಸರತ್ತಿರಲಿಲ್ಲ. ಹಿಂದಿನ ಚಕ್ರವನ್ನು ಹಲಗೆಯಿಂದ ನಾಲ್ಕು ಬೆರಳು ಹೊರಗೆ ನಿಲ್ಲಿಸುವುದು, ಕಳೆಯುವ ತೂಕ ಹೆಚ್ಚಲೆಂದು ಖಾಲಿ ಲಾರಿ ತೂಗುವಾಗ ಸೀಟಿನ ಹಿಂದೆ ಮೂರು ಜನರನ್ನು ಕಂಬಳಿ ಹೊದಿಸಿ ಮಲಗಿಸುವುದು, ಸುಡುಬಿಸಿಲಲ್ಲಿ ನಿಂತು "ಮಳೆಗೆ ಜಲ್ಲಿ ನೀರು ಕುಡಿದಿದೆ ಅಕ್ಕಾ" ಎನ್ನುವುದು. ಅವರು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. "ಕಬ್ಬಿಣ ಸುಳ್ಳು ಹೇಳಲ್ಲ ಅಣ್ಣಾ, ಅದರ ಮೇಲೆ ನಿಂತೋರು ಹೇಳ್ತಾರೆ," ಎಂದು ಲಾರಿಯನ್ನು ಹಿಂದಕ್ಕೆ ಕಳಿಸಿ ಮತ್ತೆ ಹತ್ತಿಸುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಸಲ ಸಿಕ್ಕಿಬಿದ್ದವನು ದಪ್ಪ ಮೀಸೆಯ ಒಬ್ಬ ಡ್ರೈವರು. ಅವನನ್ನು ಎಲ್ಲರೂ ಮೀಸೆಯಣ್ಣ ಎಂದೇ ಕರೆಯುತ್ತಿದ್ದರು.

ಇಂಥ ತೂಕದಕ್ಕ ಬಸುರಾದಳು.

ಅವಳ ಗಂಡ ಬೇಕರಿಯವನು. ಮನೆಯ ಮುಂದಿನ ಕೋಣೆಯೇ ಬೇಕರಿ, ಹಿಂದಿನ ಎರಡು ಕೋಣೆ ಸಂಸಾರಕ್ಕೆ. ಮಾತು ಕಡಿಮೆಯ ಮನುಷ್ಯ. ಪ್ರೀತಿ ಬಂದರೆ ಬನ್ ಮಾಡುತ್ತಿದ್ದ. ಹೆಂಡತಿ ಬಸುರಿ ಎಂದು ತಿಳಿದ ದಿನ ಅವನಿಗೆ ಎಷ್ಟು ಪ್ರೀತಿ ಬಂತೆಂದರೆ, ಅಂದಿನಿಂದ ದಿನವೂ ಬೆಳಿಗ್ಗೆ ಒಲೆಯಿಂದ ಇಳಿದ ಮೊದಲ ಬೆಣ್ಣೆ ಬನ್ನು ಅವಳ ತಟ್ಟೆಗೆ, ಎರಡನೆಯದು ಅವಳ ಡಬ್ಬಿಗೆ, ಮೂರನೆಯದು ಸಂಜೆಗೆ. ಅತ್ತೆಯದು ಬೇರೆಯೇ ಲೆಕ್ಕ. "ಎರಡು ಜೀವ ಅಂದ್ಮೇಲೆ ಎರಡು ಪಾಲು" ಎಂದು ಸೊಸೆ ಉಂಡೆದ್ದ ತಟ್ಟೆಯನ್ನು ಮತ್ತೆ ತುಂಬಿ ಮುಂದಿಡುತ್ತಿದ್ದಳು. ಬೇಡ ಎಂದರೆ ಆಕೆಯ ಮುಖ ಬಾಡುತ್ತಿತ್ತು. ಆ ಬಾಡಿದ ಮುಖ ನೋಡುವುದಕ್ಕಿಂತ ಉಣ್ಣುವುದೇ ಸುಲಭ ಎಂದು ತೂಕದಕ್ಕ ಉಣ್ಣುತ್ತಿದ್ದಳು. ಸುಳ್ಳೇಕೆ, ರುಚಿಯೂ ಇರುತ್ತಿತ್ತು.

ಐದನೆಯ ತಿಂಗಳು ತಪಾಸಣೆಗೆ ಹೋದಳು. ಕ್ಲಿನಿಕ್ಕಿನ ನರ್ಸಮ್ಮ ಕಡ್ಡಿಯಂತಹ ಮೈಯ, ಕತ್ತರಿಯಂತಹ ನಾಲಿಗೆಯ ಹೆಂಗಸು. ಕಿಟಕಿಯ ಪಕ್ಕದಲ್ಲಿ ಮುಳ್ಳಿನ ತೂಕದ ಯಂತ್ರ. ಎದುರು ಬೆಂಚಿನ ತುಂಬ ಸರದಿಗೆ ಕೂತ ಹೆಂಗಸರು. ತೂಕದಕ್ಕ ಹತ್ತಿ ನಿಂತಳು.

"ಅರವತ್ನಾಲ್ಕೂವರೆ," ಎಂದಳು ನರ್ಸಮ್ಮ. ಕಾರ್ಡು ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. "ಹೋದ ತಿಂಗಳು ಅರವತ್ತು. ಒಂದೇ ತಿಂಗಳಿಗೆ ನಾಲ್ಕೂವರೆ ಕಿಲೋ! ಏನಮ್ಮಾ, ಹೊಟ್ಟೆಯಲ್ಲಿರೋದು ಮಗುನೋ, ಬೇಕರಿನೋ?"

ಬೆಂಚಿಗೆ ಬೆಂಚೇ ನಕ್ಕಿತು. ತೂಕದಕ್ಕನ ಕಿವಿ ಕೆಂಪಾಯಿತು.

"ನಿಮ್ಮ ಯಂತ್ರ ಸರಿ ಇದೆ ಅಂತ ಮುದ್ರೆ ಹಾಕಿಸಿ ಎಷ್ಟು ವರ್ಷ ಆಯ್ತು?" ಎಂದಳು.

"ಹೋದ ತಿಂಗಳು," ಎಂದು ನರ್ಸಮ್ಮ ಬಗ್ಗಿ ಸೀಸದ ಮುದ್ರೆ ತೋರಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದ ಮಾತೆಲ್ಲ ಒಳ್ಳೆಯದೇ: ಎರಡು ಪಾಲು ಬೇಡ, ಒಂದು ಹಿಡಿ ಹೆಚ್ಚಿದ್ದರೆ ಸಾಕು, ಬೇಳೆ, ಸೊಪ್ಪು, ಮೊಟ್ಟೆ, ಹಣ್ಣು, ಮೊಸರು ಇರಲಿ, ಸಿಹಿ, ಮೈದಾ ಕಡಿಮೆಯಾಗಲಿ, ದಿನಾ ಅರ್ಧ ಗಂಟೆ ನಡಿ, ಹಾಗಂತ ಉಪವಾಸ ಬೀಳಬೇಡ, ಬಸುರಿಯಲ್ಲಿ ತೂಕ ಇಳಿಸೋಕೆ ಹೋಗಬಾರದು, ಏರೋ ವೇಗ ಮಾತ್ರ ಹದ್ದುಬಸ್ತಿನಲ್ಲಿರಬೇಕು. ಇವೆಲ್ಲ ತೂಕದಕ್ಕನ ಕಿವಿಯ ಹೊರಗೇ ಉಳಿದವು. ಒಳಗೆ ಹೋಗಿ ಕೂತಿದ್ದು ಬೆಂಚಿನ ನಗು ಒಂದೇ.

ನೇರ ಕೆಲಸಕ್ಕೆ ಬಂದವಳು ಲಾರಿ ಇಲ್ಲದ ಹೊತ್ತು ನೋಡಿ ತನ್ನ ವೇಬ್ರಿಡ್ಜಿನ ಮೇಲೆ ತಾನೇ ನಿಂತಳು. ಗಾಜಿನಾಚೆ ಕೆಂಪು ಅಂಕಿ ಅರವತ್ತು ಎಂದಿತು. ಆ ಯಂತ್ರಕ್ಕೆ ಹತ್ತು ಕಿಲೋಗಿಂತ ಕಡಿಮೆಯದೇನೂ ಕಣ್ಣಿಗೆ ಬೀಳದು. ಅರವತ್ತೂ ಅದಕ್ಕೆ ಅರವತ್ತೇ, ಅರವತ್ನಾಲ್ಕೂ ಅರವತ್ತೇ. ಇದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ರಸ್ತೆಯಲ್ಲಿ ಇರಲಿಲ್ಲ. ಆದರೂ "ನೋಡು, ಅರವತ್ತು!" ಎಂದು ತನಗೆ ತಾನೇ ಹೇಳಿಕೊಂಡು, ಆ ಸಂತೋಷಕ್ಕೆ ಡಬ್ಬಿಯ ಬನ್ ತಿಂದಳು.

ಮನೆಯಲ್ಲಿ ಕೇಳಿದರೆ "ಎಲ್ಲ ಸರಿಯಾಗಿದೆಯಂತೆ" ಎಂದಳು. ನರ್ಸಮ್ಮ ಬರೆದುಕೊಟ್ಟ ಊಟದ ಪಟ್ಟಿ ಚೀಟಿ ಪುಸ್ತಕಗಳ ಕೆಳಗೆ ಸೇರಿತು.

ಆರನೆಯ ತಿಂಗಳ ತಪಾಸಣೆ ಹತ್ತಿರ ಬಂತು. ರವಿಕೆ ಬಿಗಿಯಾಗಿತ್ತು, ಬಳೆ ಏರುತ್ತಿರಲಿಲ್ಲ. ಮುಳ್ಳು ಏನು ಹೇಳುತ್ತದೆಂದು ಬಳೆಯೇ ಹೇಳಿಯಾಗಿತ್ತು. ಹಿಂದಿನ ದಿನ ಮೀಸೆಯಣ್ಣ ಲಾರಿ ತೂಗಿಸಿ ಚೀಟಿಗೆ ಕೈ ಚಾಚಿದಾಗ ಅವಳು ಚೀಟಿ ಕೊಡದೆ ಹಿಡಿದುಕೊಂಡಳು.

"ಅಣ್ಣಾ, ಒಂದು ಮಾತು. ಮೇಲೆ ನಿಂತೂ ತೂಕ ಕಡಿಮೆ ಬರ್ಬೇಕು ಅಂದ್ರೆ ಎಲ್ಲಕ್ಕಿಂತ ನಂಬಿಕೆಯ ದಾರಿ ಯಾವುದು?"

ಮೀಸೆಯಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ನಾನೇನೂ ಮಾಡಿಲ್ಲಕ್ಕಾ! ಇವತ್ತು ಆಣೆಗೂ ಏನೂ ಮಾಡಿಲ್ಲ!"

"ನಿನಗಲ್ಲ ಮಾರಾಯ. ನನಗೆ."

ವಿಷಯ ತಿಳಿದ ಮೇಲೆ ಅವನ ಮೀಸೆ ಎರಡೂ ಕಡೆ ಮೇಲಕ್ಕೆದ್ದಿತು. ಕಳ್ಳನ ಹತ್ತಿರ ಪೊಲೀಸೇ ಬೀಗ ತೆಗೆಯುವುದನ್ನು ಕಲಿಯಲು ಬಂದಂತಹ ದಿನ ಎಲ್ಲರ ಬಾಳಿನಲ್ಲೂ ಬರುವುದಿಲ್ಲ. ಅವನು ಸ್ಟೂಲು ಎಳೆದು ಕೂತ, ಗಂಟಲು ಸರಿಮಾಡಿಕೊಂಡ.

"ಉಸಿರು ಹಿಡಿಯೋದ್ರಿಂದ ಏನೂ ಆಗಲ್ಲ, ಅದು ಎಳಸುಗಳ ಕೆಲಸ. ಚಪ್ಪಲಿ ಬಿಡೋದು, ಕೂದಲು ಒಣಗಿಸ್ಕೊಂಡು ಹೋಗೋದು, ಅದೂ ಪುಡಿಗಾಸು. ಯಾವತ್ತಿದ್ರೂ ಒಂದು ಚಕ್ರ ಹೊರಗಿರ್ಬೇಕು. ಹಿಮ್ಮಡಿ ಹಲಗೆಯಿಂದ ಜಾರಿಸಿ ನೆಲಕ್ಕೆ ತಾಗಿಸು. ಸೀರೆ ನೆರಿಗೆ ಮುಚ್ಚುತ್ತೆ. ಪಕ್ಕದಲ್ಲಿ ಊರೋಕೆ ಏನಾದ್ರೂ ಇದ್ಯಾ?"

"ಕಿಟಕಿ ಕಟ್ಟೆ ಇದೆ."

"ಅಂಗೈ ಊರು. ಆದ್ರೆ ಮೆಲ್ಲಗೆ. ಹೊಟ್ಟೆಬಾಕರ ಥರ ಒಂದೇ ಸಲಕ್ಕೆ ಎಲ್ಲ ಇಳಿಸ್ಬಾರ್ದು. ನನ್ನನ್ನ ನೀನು ಹಿಡಿದಿದ್ದೆಲ್ಲ ನಾನು ಆಸೆ ಮಾಡ್ದಾಗ್ಲೇ."

ಮಾರನೆಯ ದಿನ ಅವಳು ಕ್ಲಿನಿಕ್ಕಿನಲ್ಲಿ ಯಂತ್ರ ಹತ್ತಿ, ಸೊಂಟ ಹಿಡಿದುಕೊಂಡವಳಂತೆ "ಅಮ್ಮಾ" ಎಂದು ನರಳಿ, ಹಿಮ್ಮಡಿಯನ್ನು ನೆಲಕ್ಕೆ ಜಾರಿಸಿ, ಕಿಟಕಿ ಕಟ್ಟೆಗೆ ಕೈಯೂರಿದಳು. ನಿಜವಾದ ತೂಕ ಅರವತ್ತೇಳೂವರೆ ತೋರಿದ ಮುಳ್ಳು ಸರ್ರನೆ ಐವತ್ತೆರಡಕ್ಕೆ ಬಿತ್ತು. ಗಾಬರಿಯಾಗಿ ಕೈ ಸಡಿಲಿಸಿದಳು, ಅರವತ್ತಾಯಿತು. ಅರವತ್ತೈದಕ್ಕೆ ತಂದು ನಿಲ್ಲಿಸಬೇಕೆಂಬುದು ಅವಳ ಲೆಕ್ಕ. ಅರವತ್ತೊಂದು, ಅರವತ್ತೆರಡು... ಅಷ್ಟರಲ್ಲಿ ಔಷಧಿ ಬೀರು ಮುಚ್ಚಿದ ನರ್ಸಮ್ಮ ತಿರುಗಿಬಿಟ್ಟಳು.

"ಅರವತ್ಮೂರು."

ಬೆಂಚಿನಲ್ಲಿ ಯಾರೂ ನಗಲಿಲ್ಲ. ಆದರೆ ನರ್ಸಮ್ಮನೂ ನಗಲಿಲ್ಲ. ಆರನೆಯ ತಿಂಗಳಲ್ಲಿ ಬಸುರಿಯ ತೂಕ ಏರುವುದು ಬಿಟ್ಟು ಒಂದೂವರೆ ಕಿಲೋ ಇಳಿದಿದೆಯೆಂದರೆ ನಗುವ ವಿಷಯವಲ್ಲ. ಡಾಕ್ಟರಮ್ಮ ಬಂದು ಹೊಟ್ಟೆಗೆ ಟೇಪು ಹಿಡಿದು ಅಳೆದರು, ಮಗುವಿನ ಎದೆಬಡಿತ ಕೇಳಿದರು. ಮಗುವೇನೋ ಚೆನ್ನಾಗಿತ್ತು. "ಊಟ ಬಿಟ್ಟಿದ್ದೀಯಾ? ವಾಂತಿ ಇದೆಯಾ? ಮನೆಯಲ್ಲಿ ಏನಾದ್ರೂ ಜಗಳವಾ?" ಎಂದು ಕೇಳಿದರು. ಎಲ್ಲದಕ್ಕೂ ಇಲ್ಲ ಎಂದಳು. ಇಲ್ಲ ಎಂದಷ್ಟೂ ಅವರ ಅನುಮಾನ ಹೆಚ್ಚಿತು.

"ಇನ್ಮೇಲೆ ವಾರಕ್ಕೊಂದು ಸಲ ಬಾ. ನಾಳೆ ನಿಮ್ಮತ್ತೇನ ನನ್ನ ಹತ್ರ ಕಳಿಸು," ಎಂದರು.

ಅತ್ತೆ ಹೋಗಿ ಬಂದಳು. ಬಂದವಳು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು, "ನನ್ನ ಕೈಯಡುಗೆ ತಿಂದ ಬಸುರಿ ತೂಕ ಇಳಿದಳಂತೆ! ಊರೋರು ಕೇಳಿದ್ರೆ ನನ್ನ ಮುಖಕ್ಕೆ ಉಗಿಯಲ್ವಾ?" ಎಂದಳು. ಅಂದಿನಿಂದ ಎರಡು ಪಾಲು ಮೂರಾಯಿತು. ಗಂಡ ಬನ್ನಿಗೆ ಬೆಣ್ಣೆ ದುಪ್ಪಟ್ಟು ಹಾಕಿದ. ಬೆಳಿಗ್ಗೆ ಹಾಲು, ಹತ್ತಕ್ಕೆ ಬನ್, ಹನ್ನೊಂದಕ್ಕೆ ಅತ್ತೆಯೇ ಕೊಡೆ ಹಿಡಿದು ವೇಬ್ರಿಡ್ಜಿಗೆ ತರುವ ಡಬ್ಬಿ. ತಿನ್ನುವವರೆಗೆ ಆಕೆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಸತ್ಯ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ತೂಕದಕ್ಕ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಆ ವಾರದಲ್ಲಿ ಎರಡು ಸಲ ಮೀಸೆಯಣ್ಣನಿಗೆ ಗುಟ್ಟಾಗಿ ಬನ್ನಿನ ಡಬ್ಬಿ ದಾಟಿಸಿದಳು. ಮೂರನೆಯ ಸಲ ಅವನೇ ಕೈ ಮುಗಿದು, "ಬೇಡಕ್ಕಾ, ನನ್ನ ಸ್ಟೇರಿಂಗು ಹೊಟ್ಟೆಗೆ ತಾಗ್ತಿದೆ," ಎಂದ.

ವಾರ ಕಳೆಯಿತು. ಈ ಸಲದ ಲೆಕ್ಕ ಪಕ್ಕಾ ಮಾಡಿಕೊಂಡೇ ಹೊರಟಳು: ಅರವತ್ನಾಲ್ಕು ತೋರಿಸಿದರೆ ಎಲ್ಲರಿಗೂ ಸಮಾಧಾನ. ಜೊತೆಗೆ ಅತ್ತೆ. ಕ್ಲಿನಿಕ್ಕಿನೊಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಿಟಕಿಗೆ ಬಣ್ಣ ಬಳಿಯುತ್ತಿದ್ದರು. ತೂಕದ ಯಂತ್ರ ಕೋಣೆಯ ನಟ್ಟನಡುವೆ, ಸುತ್ತ ಮೂರು ಮೊಳ ಏನೂ ಇಲ್ಲದ ಕಡೆ ಬಂದು ನಿಂತಿತ್ತು. ಹಿಮ್ಮಡಿಯಾದರೂ ಜಾರಿಸೋಣವೆಂದರೆ ಅತ್ತೆ ಬಗ್ಗಿ ಸೊಸೆಯ ಸೀರೆ ನೆರಿಗೆಯನ್ನು ಎತ್ತಿ ಹಿಡಿದುಕೊಂಡಳು, ಬಣ್ಣ ತಾಗದಿರಲಿ ಎಂದು.

ಮುಳ್ಳು ಅರವತ್ತೊಂಬತ್ತೂವರೆ ದಾಟಲೋ ಬೇಡವೋ ಎಂದು ತುಯ್ದಾಡಿ ನಿಂತಿತು.

ನರ್ಸಮ್ಮನ ಮುಖದ ಬಣ್ಣ ಇಳಿದುಹೋಯಿತು. "ಒಂದು ವಾರಕ್ಕೆ ಆರೂವರೆ ಕಿಲೋ," ಎಂದಳು. ದನಿಯಲ್ಲಿ ಕತ್ತರಿ ಇರಲಿಲ್ಲ. ಕ್ಷಣದಲ್ಲಿ ತೂಕದಕ್ಕನನ್ನು ಮಂಚಕ್ಕೆ ಮಲಗಿಸಿದರು. ಒಬ್ಬರು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಇನ್ನೊಬ್ಬರು ಕಾಲಗಂಟು ಒತ್ತಿ ಗುಳಿ ಬೀಳುತ್ತದೆಯೇ ಎಂದು ನೋಡಿದರು, ತಲೆನೋವಿದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಮೇಲಿಂದ ಮೇಲೆ ಕೇಳಿದರು. ಅತ್ತೆ ಬೇಕರಿಗೆ ಫೋನ್ ಮಾಡಿ ಅತ್ತಳು. ಗಂಡ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಓಡಿಬಂದ. ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ದೊಡ್ಡಾಸ್ಪತ್ರೆಗೆ ಮಾತಾಡುತ್ತಿದ್ದುದು ಕೇಳಿಸಿತು: "ಬಿ.ಪಿ. ಸರಿ ಇದೆ, ಬಾವೂ ಇಲ್ಲ. ಆದ್ರೆ ಇಷ್ಟು ಬೇಗ ನೀರು ತುಂಬಿದೆ ಅಂದ್ರೆ ಕಾಯೋಕಾಗಲ್ಲ. ಆಂಬ್ಯುಲೆನ್ಸ್ ಕಳಿಸಿ."

ಗಂಡ ಹಿಟ್ಟಿನ ಕೈಯಲ್ಲೇ ಅವಳ ಕೈ ಹಿಡಿದ. ಹತ್ತು ವರ್ಷ ಬೆಂಕಿಯ ಮುಂದೆ ನಿಂತವನು ಒಲೆಯಲ್ಲಿ ಬನ್ನು ಬಿಟ್ಟು ಬಂದದ್ದನ್ನು ಅವಳು ಹಿಂದೆ ಕಂಡಿರಲಿಲ್ಲ.

"ಆಂಬ್ಯುಲೆನ್ಸ್ ಬೇಡ," ಎಂದಳು ಮಂಚದ ಮೇಲೆ ಎದ್ದು ಕೂತು. "ನೀರೂ ಇಲ್ಲ, ಬಾವೂ ಇಲ್ಲ. ಹೋದ ವಾರ ನಾನು ಹಿಮ್ಮಡಿ ಹೊರಗಿಟ್ಟಿದ್ದೆ. ಕಿಟಕಿ ಕಟ್ಟೆಗೆ ಕೈಯನ್ನೂ ಊರಿದ್ದೆ. ಇಳಿದಿರಲಿಲ್ಲ, ಏರಿತ್ತು. ಮೂರು ಕಿಲೋ."

ಬಣ್ಣ ಬಳಿಯುವವನೂ ಕುಂಚ ತಡೆದು ನಿಂತ.

"ಯಾಕೆ?" ಎಂದಳು ನರ್ಸಮ್ಮ.

"ಹತ್ತು ಜನರ ಮುಂದೆ ಮಗುನೋ ಬೇಕರಿನೋ ಅಂದ್ರಲ್ಲ."

ನರ್ಸಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಳು. "ಅದು ನನ್ನ ಬಾಯಿಯ ತಪ್ಪು. ಆಡಬಾರದಿತ್ತು," ಎಂದಳು. "ಆದ್ರೆ ಕೇಳು. ಹೊಟ್ಟೆ ಒಳಗೆ ಏನು ನಡೀತಿದೆ ಅಂತ ಇಣುಕಿ ನೋಡೋಕೆ ನನಗಿರೋದು ನಾಲ್ಕೇ ನಾಲ್ಕು ಕಿಟಕಿ. ಅದರಲ್ಲಿ ಒಂದು ಆ ಮುಳ್ಳು. ನೀನು ಅದಕ್ಕೆ ಪರದೆ ಎಳೆದ್ರೆ, ನಿಜವಾಗ್ಲೂ ನೀರು ತುಂಬಿದ ದಿನ ನನಗೆ ಹೇಗಮ್ಮಾ ಗೊತ್ತಾಗ್ಬೇಕು?"

ತೂಕದಕ್ಕ ತಲೆ ಬಗ್ಗಿಸಿದಳು.

"ನಿನ್ನ ಹತ್ರ ಲಾರಿಯೋರು ಹೀಗೆ ಮಾಡಿದ್ರೆ ಏನ್ಮಾಡ್ತೀಯ?"

"ಇಳಿಸಿ ಮತ್ತೆ ಹತ್ತಿಸ್ತೀನಿ."

"ಹಾಗಾದ್ರೆ ಎದ್ದೇಳು."

ಮತ್ತೆ ಹತ್ತಿದಳು. ಅರವತ್ತೊಂಬತ್ತೂವರೆಯೇ. ಡಾಕ್ಟರಮ್ಮ ಆಂಬ್ಯುಲೆನ್ಸ್ ನಿಲ್ಲಿಸಿದರೂ ಅಂದೇ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು, ಸಕ್ಕರೆ ಮಾತ್ರ ಗಡಿಯ ಈಚೆಗೆ ನಿಂತು ಆಚೆಗೆ ಇಣುಕುತ್ತಿತ್ತು. ನರ್ಸಮ್ಮ ಹಾಳೆ ತೆಗೆದುಕೊಂಡು, ಒಂದು ದಿನದಲ್ಲಿ ಬಾಯಿಗೆ ಹೋಗುವುದನ್ನೆಲ್ಲ ಹೇಳು ಎಂದಳು. ಬನ್ ಮೂರು ಎಂದಾಗ ಗಂಡ ನೆಲ ನೋಡಿದ. ಡ್ರೈವರುಗಳ ಜೊತೆ ಕುಡಿಯುವ ಸಕ್ಕರೆ ಚಹಾ ಆರು ಲೋಟ ಎಂದಾಗ ಅತ್ತೆ, "ಆರಾ? ನನಗೆ ಎರಡು ಅಂದಿದ್ದೆ!" ಎಂದಳು. ಮೂರು ಪಾಲಿನ ವಿಷಯ ಬಂದಾಗ ಅತ್ತೆಯ ಸರದಿ ಬಂತು.

"ನೋಡಿ ನರ್ಸಮ್ಮಾ," ಎಂದಳು ಅತ್ತೆ, ದನಿ ಏರಿಸಿಯೇ. "ನೀವು ಓದಿದೋರು. ನಾನು ಇವನನ್ನ ಹೊತ್ತಾಗ ಮನೇಲಿ ಹನ್ನೊಂದು ಜನ. ಎಲ್ಲರೂ ಉಂಡ ಮೇಲೆ ನಾನು. ಪಾತ್ರೆ ತಳದಲ್ಲಿ ಏನಿರ್ತಿತ್ತೋ ಅದು. ಎಷ್ಟೋ ದಿನ ನೀರು ಕುಡಿದು ಮಲಗಿದ್ದೀನಿ. ನನ್ನ ಸೊಸೆಗೆ ಹಾಗಾಗ್ಬಾರ್ದು ಅಂತ ಬಡಿಸಿದ್ರೆ ಅದೂ ತಪ್ಪಾ?"

ಮಗನಿಗೆ ಇದು ಗೊತ್ತಿರಲಿಲ್ಲ. ಮೂವತ್ತೆರಡು ವರ್ಷದ ಗಂಡಸು ಹಿಟ್ಟಿನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿದಳು. "ತಪ್ಪಲ್ಲ ಅಮ್ಮಾ. ನಿಮಗೆ ಆಗ ಸಿಗದಿದ್ದು ಎರಡನೇ ಪಾಲಲ್ಲ, ಮೊದಲನೇ ಪಾಲು. ಇವಳಿಗೆ ಅದನ್ನ ಕೊಡಿ. ಎಲ್ಲರಿಗಿಂತ ಮೊದಲು, ಬಿಸಿಯಾಗಿ, ಒಂದೇ ತಟ್ಟೆ. ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ಭಾಗ ಬೇಳೆನೋ ಮೊಟ್ಟೆನೋ, ಉಳಿದ ಕಾಲು ಅನ್ನ. ಸಾಕು. ಮಧ್ಯದಲ್ಲಿ ಹಸಿವಾದ್ರೆ ಹಣ್ಣು, ಹುರಿದ ಕಡಲೆ."

ಅಂದು ಮಧ್ಯಾಹ್ನ ಒಲೆಯಿಂದ ಇಳಿದ ಮೊದಲ ಸೌಟು ಸೊಸೆಯ ತಟ್ಟೆಗೆ ಬಿತ್ತು. ಎರಡನೆಯ ಸಲ ಬಡಿಸಲು ಎತ್ತಿದ ಕೈಯನ್ನು ಅತ್ತೆ ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿಕೊಂಡದ್ದನ್ನು ತೂಕದಕ್ಕ ಓರೆಗಣ್ಣಲ್ಲಿ ನೋಡಿದಳು. "ಅತ್ತೆ, ನೀವೂ ಕೂತ್ಕೊಳ್ಳಿ," ಎಂದಳು. ಆಕೆ "ಆಮೇಲೆ" ಎಂದಾಗ, "ನೀವು ಕೂರದಿದ್ರೆ ನಾನು ಉಣ್ಣಲ್ಲ. ಆಮೇಲೆ ತೂಕ ಇಳಿದ್ರೆ ಊರೋರಿಗೆ ನೀವೇ ಹೇಳ್ಕೋಬೇಕು," ಎಂದಳು. ಅತ್ತೆ ಬೈದುಕೊಂಡೇ ಕೂತಳು.

ಗಂಡನ ಕಷ್ಟ ಬೇರೆ. ಬನ್ ಇಲ್ಲದೆ ಪ್ರೀತಿ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಮೈದಾ, ಸಕ್ಕರೆ ಬಿಟ್ಟು, ತವುಡು ತೆಗೆಯದ ಗೋಧಿಹಿಟ್ಟಿಗೆ ಕಾಳು ಬೀಜ ಸೇರಿಸಿ ಒಂದು ಬನ್ ಮಾಡಿದ. ಮೊದಲ ದಿನದ್ದನ್ನು ಕಚ್ಚಿ ನೋಡಿದ ಮೀಸೆಯಣ್ಣ, "ಇದನ್ನ ಇಳಿಜಾರಲ್ಲಿ ಚಕ್ರಕ್ಕೆ ಅಡ್ಡ ಇಡಬಹುದು," ಎಂದ. ಐದನೆಯ ದಿನದ್ದು ಹಲ್ಲಿಗೆ ಬಗ್ಗಿತು. ಹತ್ತನೆಯ ದಿನ ತೂಕದಕ್ಕ ಅರ್ಧ ಬನ್ ತಿಂದು, ಉಳಿದರ್ಧವನ್ನೂ ನೋಡಿ, ನಿಟ್ಟುಸಿರು ಬಿಟ್ಟು ಮುಚ್ಚಿಟ್ಟಳು. ಅದಕ್ಕಿಂತ ದೊಡ್ಡ ಹೊಗಳಿಕೆ ಅವನಿಗೆ ಬೇಕಿರಲಿಲ್ಲ.

ಚಹಾ ಆರರಿಂದ ಎರಡಕ್ಕಿಳಿಯಿತು, ಸಕ್ಕರೆಯೂ ಅರ್ಧವಾಯಿತು. ಸಂಜೆ ಹೊತ್ತು ಲಾರಿ ಕಡಿಮೆಯಾದಾಗ ಅವಳು ವೇಬ್ರಿಡ್ಜಿನ ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಅರ್ಧ ಗಂಟೆ ನಡೆಯುತ್ತಿದ್ದಳು. ಸಾಲಿನಲ್ಲಿ ಕಾಯುವ ಡ್ರೈವರುಗಳು ಇಂಜಿನ್ ಆರಿಸಿ, "ಅಕ್ಕ ಇನ್ನೂ ಆರು ರೌಂಡು ಬಾಕಿ" ಎಂದು ಎಣಿಸುತ್ತಿದ್ದರು. ಎಣಿಕೆ ತಪ್ಪಿಸಿ ಬೇಗ ಮುಗಿಸಲು ನೋಡಿದರೆ ಒಂದೇ ಬಾಯಲ್ಲಿ ಕೂಗುತ್ತಿದ್ದರು. ಸುಲಭವೇನೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಂತು ಕಣ್ಣಲ್ಲಿ ನೀರು ತಂದುಕೊಂಡಳು. ಇನ್ನೊಂದು ದಿನ ಅತ್ತೆಯೇ ಕಪಾಟಿನ ಹಿಂದೆ ಕದ್ದು ಬೆಣ್ಣೆ ಬನ್ ತಿನ್ನುತ್ತಿದ್ದುದನ್ನು ಹಿಡಿದು, ಸುಮ್ಮನಿರಬೇಕಾದರೆ ಚೂರು ಕೊಡಬೇಕೆಂದು ವಸೂಲಿ ಮಾಡಿದಳು. ಆ ವಾರ ನರ್ಸಮ್ಮನ ಮುಂದೆ ಅದನ್ನು ತಾನೇ ಹೇಳಿದಳು ಕೂಡ. "ಒಂದು ಚೂರಿಗೆ ಯಾರೂ ಕೆಡಲ್ಲ," ಎಂದಳು ನರ್ಸಮ್ಮ, ಬೆಂಚಿಗೆ ಕೇಳಿಸದ ಹಾಗೆ ಮೆಲ್ಲಗೆ.

ಏಳು, ಎಂಟು, ಒಂಬತ್ತು ತಿಂಗಳು ದಾಟುವ ಹೊತ್ತಿಗೆ ಮುಳ್ಳು ಅವಸರವಿಲ್ಲದೆ ಎಪ್ಪತ್ತಮೂರೂವರೆಗೆ ಬಂದು ಮುಟ್ಟಿತು. ಸಕ್ಕರೆ ಗಡಿ ದಾಟಲಿಲ್ಲ. ಒಂದು ನಡುಮಧ್ಯಾಹ್ನ, ಮೀಸೆಯಣ್ಣನ ಲಾರಿ ತೂಗುತ್ತಿರುವಾಗಲೇ ನೋವು ಶುರುವಾಯಿತು. ಅವಳು ಹಲ್ಲು ಕಚ್ಚಿ ಚೀಟಿ ಬರೆದು ಮುದ್ರೆ ಒತ್ತಿದ ಮೇಲೆಯೇ ಎದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಾಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು: ಮೂರು ಕಿಲೋ ನೂರು ಗ್ರಾಂ, ಕಂಠ ಮಾತ್ರ ಲಾರಿಯ ಹಾರನ್ನಿನದು.

ಮರುದಿನ ನರ್ಸಮ್ಮ ನೋಡಲು ಬಂದಳು. ಮಗುವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಗಂಡ ಮೂಲೆಯಲ್ಲಿ ನಿಂತು, ಬಂದವರಿಗೆಲ್ಲ ಬನ್ ಕೊಡುತ್ತ, ಯಾರಿಗೆ ಕೊಟ್ಟೆ ಯಾರಿಗೆ ಬಿಟ್ಟೆ ಎಂದು ತಿಳಿಯದೆ ಎರಡೆರಡು ಸಲ ಕೊಡುತ್ತಿದ್ದ.

"ಇನ್ನು ಹಾಲೂಡೋ ತಾಯಿ," ಎಂದಳು ನರ್ಸಮ್ಮ, ಮಗುವನ್ನು ತೂಕದಕ್ಕನ ಪಕ್ಕ ಮಲಗಿಸುತ್ತ. "ಈಗ ಊಟ ಸ್ವಲ್ಪ ಜಾಸ್ತಿ ಬೇಕಾಗುತ್ತೆ."

ಅತ್ತೆಯ ಕಣ್ಣು ಫಕ್ಕನೆ ಹೊಳೆಯಿತು. ಆಕೆ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು.

"ಸ್ವಲ್ಪ ಅಂದೆ! ಅಮ್ಮಾ, ಸ್ವಲ್ಪ!" ಎನ್ನುತ್ತ ನರ್ಸಮ್ಮ ಬಾಗಿಲವರೆಗೂ ಹಿಂದೆ ಓಡಿದಳು. ಅತ್ತೆ ಆಗಲೇ ಮೆಟ್ಟಿಲಿಳಿದು, ಗೇಟು ದಾಟಿ, ಕೊಡೆ ಬಿಚ್ಚಿಯಾಗಿತ್ತು.